ಎರಡು ಗಂಟೆಯ ಗಿರಾಕಿಗಳು

ಸೂಜಿ ಮೇಸ್ತ್ರಿಗೆ ಆ ಹೆಸರು ಯಾರು ಇಟ್ಟರೋ ನನಗೆ ಗೊತ್ತಿಲ್ಲ. ನಾನು ಪಾರ್ಕಿನಲ್ಲಿ ತೋಟಗಾರನಾಗಿ ಸೇರುವ ಹೊತ್ತಿಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಹುಲ್ಲು ಕತ್ತರಿಸುವ ಮಷೀನು, ಬೇಲಿ ಸವರುವ ಟ್ರಿಮ್ಮರು, ಮರ ಕೊಯ್ಯುವ ಗರಗಸ, ಉದುರಿದ ಎಲೆ ಊದುವ ಬ್ಲೋವರು, ಯಾವುದು ಕೈಕೊಟ್ಟರೂ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು ‘ಸೂಜಿ ನೋಡೋಣ’ ಎಂಬುದು. ಈ ಮಷೀನುಗಳ ಹೊಟ್ಟೆಯಲ್ಲೆಲ್ಲ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಕಾರ್ಬೊರೇಟರ್ ಇರುತ್ತದೆ. ಗಾಳಿಗೆ ಎಷ್ಟು ಪೆಟ್ರೋಲು ಬೆರೆಯಬೇಕು ಎಂದು ಅಳೆದು ಕೊಡುವುದು ಅದರ ಕೆಲಸ. ಅದರೊಳಗೆ ಪೆಟ್ರೋಲಿನ ಕಿಂಡಿಯನ್ನು ತೆರೆದು ಮುಚ್ಚುವ, ಗೋಧಿಕಾಳಿಗಿಂತ ತುಸು ಉದ್ದದ ಒಂದು ಸೂಜಿ. ಹಳೆಯ ಪೆಟ್ರೋಲು ಅಂಟಾಗಿ ಆ ಸೂಜಿ ಕಚ್ಚಿಕೊಂಡರೆ ನೀವು ಹಗ್ಗ ಎಳೆದೆಳೆದು ತೋಳು ಕಳಚಿ ಬಿದ್ದರೂ ಇಂಜಿನ್ ಕೆಮ್ಮುವುದಿಲ್ಲ.

ಅವರ ಅಂಗಡಿ ಲಾಂಡ್ರಿಗೂ ಬೀಗದ ಅಂಗಡಿಗೂ ನಡುವೆ ಇತ್ತು. ಮುಂದೆ ತಗಡು ಹೊದಿಸಿದ ಮೇಜು. ಮೇಜಿನ ಮೇಲೆ ಒಂದು ಬಿಳಿ ತಟ್ಟೆ, ಅದರೊಳಗೆ ಬಿಳಿ ಬಟ್ಟೆ. ಕಾರ್ಬೊರೇಟರ್ ಬಿಚ್ಚುವುದೆಲ್ಲ ಆ ಬಟ್ಟೆಯ ಮೇಲೇ. ಹೆಸರುಕಾಳಿನಷ್ಟು ಸಣ್ಣ ಸ್ಪ್ರಿಂಗು ಹಾರಿದರೂ ಅಲ್ಲೇ ಕಣ್ಣಿಗೆ ಬೀಳಬೇಕು. ಗೋಡೆಯ ಮೊಳೆಗಳಿಗೆ ಸತ್ತ ಕಾರ್ಬೊರೇಟರುಗಳು ತೂಗುತ್ತಿದ್ದವು. ಅಂಗಡಿಯ ಹಿಂದೆ ಮರದ ಹಲಗೆಯ ಗೋಡೆ. ಅದರಾಚೆ ಅವರ ಹೆಂಡತಿಯ ಹೊಲಿಗೆಯ ಕೋಣೆ. ಊರಿನವರ ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಸಡಿಲ ಬಿಡುವುದು, ಹರಿದ ಪರದೆಗೆ ಅಂಚು ಕಟ್ಟುವುದು, ಇಂಥ ಕೆಲಸ ಅವರದು. ನಾವೆಲ್ಲ ಅವರನ್ನು ಟೈಲರಕ್ಕ ಅನ್ನುತ್ತಿದ್ದೆವು. ಹೊಲಿಗೆ ಕೋಣೆಯ ಪಕ್ಕದಲ್ಲಿ ಮಲಗುವ ಕೋಣೆ. ಎರಡರ ಕಿಟಕಿಗಳೂ ಹಿತ್ತಲಿಗೆ ತೆರೆಯುತ್ತಿದ್ದವು. ಮಷೀನುಗಳನ್ನು ಓಡಿಸಿ ನೋಡುವುದು ಆ ಹಿತ್ತಲಿನಲ್ಲಿ. ರಸ್ತೆಯಲ್ಲಿ ಓಡಿಸಿದರೆ ಬೀಗದ ಅಂಗಡಿಯವನು ಜಗಳಕ್ಕೆ ಬರುತ್ತಿದ್ದ.

ಮೇಸ್ತ್ರಿಯ ಋಣ ನನ್ನ ಮೇಲೆ ಮೊದಲಿನಿಂದಲೂ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಪಾರ್ಕಿನ ಆರು ಮಷೀನುಗಳನ್ನೂ ಟ್ಯಾಂಕು ತುಂಬಿದ ಹಾಗೇ ಚಳಿಗಾಲವಿಡೀ ಮೂಲೆಗೆ ಒರಗಿಸಿ ಇಟ್ಟಿದ್ದೆ. ಹುಲ್ಲು ಮೊಣಕಾಲುದ್ದ ಬೆಳೆದಾಗ ಒಂದೂ ಶುರುವಾಗಲಿಲ್ಲ. ಮಾರನೆಯ ದಿನ ಮೇಲಿನವರು ನೋಡಲು ಬರುವವರಿದ್ದರು. ಆರನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಹೋಗಿ ಮೇಸ್ತ್ರಿಯ ಮುಂದೆ ನಿಂತಾಗ ನನ್ನ ಮುಖದಲ್ಲಿ ರಕ್ತವಿರಲಿಲ್ಲ. ಅವರು ಬೈಯಲಿಲ್ಲ. ಟ್ಯಾಂಕಿನ ಮುಚ್ಚಳ ಬಿಚ್ಚಿ ಮೂಸಿ, ಇದು ಪೆಟ್ರೋಲಲ್ಲ, ವಾರ್ನಿಷು ಎಂದರು. ಕೈಯಲ್ಲಿದ್ದ ಬೇರೆ ಕೆಲಸ ಬದಿಗಿಟ್ಟು ಒಂದೊಂದೇ ಬಿಚ್ಚಿ, ತೊಳೆದು, ಸಣ್ಣ ಜಾಲರಿಗಳನ್ನು ಊದಿ, ಸಂಜೆಯೊಳಗೆ ಆರನ್ನೂ ಎಬ್ಬಿಸಿ ಕೊಟ್ಟರು. ನನ್ನ ಕೆಲಸ ಉಳಿಯಿತು. ಆ ಮಧ್ಯಾಹ್ನ ನನಗೆ ಊಟ ಹಾಕಿದ್ದು ಟೈಲರಕ್ಕ.

ಸ್ವಚ್ಛ ಮಾಡಿ ಜೋಡಿಸುವುದು ಅರ್ಧ ಕೆಲಸ. ಉಳಿದರ್ಧ ಕಿವಿಯದು. ಕಾರ್ಬೊರೇಟರಿನ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ಬಿಗಿ ಮಾಡಿದರೆ ಪೆಟ್ರೋಲು ಕಡಿಮೆಯಾಗಿ ಇಂಜಿನ್ ಬಾಯಾರಿ ಕೀಂ ಎಂದು ಕಿರುಚುತ್ತದೆ. ಸಡಿಲ ಬಿಟ್ಟರೆ ಕಂಠದವರೆಗೆ ಕುಡಿದು ಬುಳುಬುಳು ಅನ್ನುತ್ತದೆ. ‘ಕಿರುಚಾಟ ಮುಗಿದು ಬುಳುಬುಳು ಶುರುವಾಗೋ ಹೊಸ್ತಿಲಿದೆಯಲ್ಲ, ಅಲ್ಲಿ ನಿಲ್ಲಿಸ್ಬೇಕು’ ಎಂದು ಮೇಸ್ತ್ರಿ ಹೇಳುತ್ತಿದ್ದರು. ಇಂಜಿನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನಲ್ಲೇ ಬೆರೆತು ಬರುವುದರಿಂದ, ಬಾಯಾರಿದ ಇಂಜಿನ್ ಒಣಗಿ, ಕಾದು, ಪಿಸ್ಟನ್ ಕಚ್ಚಿಕೊಂಡು ನಿಂತುಬಿಡುತ್ತದೆ. ಮೇಸ್ತ್ರಿಯ ಕೈಯಿಂದ ಹೋದ ಮಷೀನು ಹಾಗೆ ನಿಂತದ್ದನ್ನು ಯಾರೂ ಕೇಳಿರಲಿಲ್ಲ.

ಕೇಳುವಂಥ ದಿನ ಬಂದದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ, ನನ್ನ ಮಷೀನಿನಿಂದಲೇ. ಅವರು ಸರಿಮಾಡಿ ಕೊಟ್ಟ ಮೂರನೇ ವಾರ, ಸುಡು ಬಿಸಿಲಿನಲ್ಲಿ, ಹುಲ್ಲಿನ ಮಷೀನು ಕಿರ್ ಎಂದು ಒಂದೇ ಸಲಕ್ಕೆ ನಿಂತಿತು. ಮೇಸ್ತ್ರಿ ಬಿಚ್ಚಿದರು. ಪಿಸ್ಟನ್ ಮೈತುಂಬ ಉಗುರಿನಿಂದ ಪರಚಿದಂಥ ಗೀರು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಎಣ್ಣೆ ಕಡಿಮೆ ಬೆರೆಸಿದ್ದೀರಿ ಎಂದರು. ನಾನು ಯಾವಾಗಿನಂತೆ ಅಳತೆಯ ಲೋಟದಲ್ಲೇ ಬೆರೆಸಿದ್ದೆ. ಆದರೆ ಮೇಸ್ತ್ರಿಯ ಮಾತಿಗೆ ಎದುರು ಹೇಳುವುದುಂಟೇ? ನನ್ನ ಮೇಲೆ ನನಗೇ ಅನುಮಾನ ಬಂತು. ಪಾರ್ಕಿನ ಸೂಪರಿಂಟೆಂಡೆಂಟ್ ಮೇಡಂ ನನ್ನಿಂದ ಎಣ್ಣೆ ಡಬ್ಬಿಯ ಕೋಣೆಯ ಕೀಲಿ ಇಸಿದುಕೊಂಡು ಸ್ಟೋರಿನವನಿಗೆ ಕೊಟ್ಟರು. ಇಪ್ಪತ್ತು ವರ್ಷ ದುಡಿದವನು ಆಮೇಲೆ ಒಂದು ಲೋಟ ಪೆಟ್ರೋಲಿಗೂ ಸ್ಟೋರಿನವನ ಮುಂದೆ ನಿಲ್ಲಬೇಕಾಯಿತು. ನುಂಗಿಕೊಂಡೆ.

ಕೆಲವು ತಿಂಗಳ ನಂತರ ಟ್ರಿಮ್ಮರು ರಿಪೇರಿಗೆ ಕೊಟ್ಟಿದ್ದೆ. ವಾಪಸ್ ತರಲು ಹೋದಾಗ ಮಧ್ಯಾಹ್ನ ಎರಡು ಗಂಟೆ. ಊಟವಾದ ಮೇಲೆ ಒಂದು ತಾಸು ಅಡ್ಡಾಗುವುದು ಮೇಸ್ತ್ರಿಯ ಹಳೆಯ ಅಭ್ಯಾಸ. ಅಂಗಡಿಯಲ್ಲಿ ಟೈಲರಕ್ಕ ಇದ್ದರು. ಟ್ರಿಮ್ಮರನ್ನು ನನ್ನ ಕೈಗೆ ಕೊಡುವ ಬದಲು ಹಿತ್ತಲಿಗೆ ಕರೆದುಕೊಂಡು ಹೋಗಿ, ಶುರು ಮಾಡಿ ಪೂರ್ತಿ ರೇಸ್ ಕೊಡಲು ಹೇಳಿದರು. ಕೊಟ್ಟೆ. ಅವರು ಕುಕ್ಕರುಗಾಲಿನಲ್ಲಿ ಕೂತು, ತಲೆ ಒಂದು ಕಡೆ ವಾಲಿಸಿ, ಏಪ್ರನ್ನಿನ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಕೂದಲೆಳೆಯಷ್ಟು ತಿರುಗಿಸಿದರು. ಕಿರುಚಾಟ ಇಳಿಯಿತು. ಇನ್ನೂ ಒಂದು ಎಳೆ. ಅಂಚಿನಲ್ಲಿ ಬುಳುಬುಳು ಕೇಳಿಸಿತು. ಅವರು ಎದ್ದು ನಿಂತರು.

“ತಮ್ಮಾ, ಒಂದು ಉಪಕಾರ ಮಾಡಿ. ಇದನ್ನ ಮೇಸ್ತ್ರಿ ಹತ್ರ ಹೇಳ್ಬೇಡಿ. ಇನ್ಮೇಲೆ ಮಷೀನ್ ತಗೊಳ್ಳೋಕೆ ಎರಡು ಗಂಟೆಗೇ ಬನ್ನಿ.”

ಮಲಗುವ ಕೋಣೆಯ ಕಿಟಕಿ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಈ ಗಲಾಟೆಗೆ ಅವರು ಏಳುವುದಿಲ್ಲವೇ ಎಂದು ಕೇಳಿದೆ. ಅದೇ ಕಥೆ ಎಂದರು ಅಕ್ಕ. ಒಂದು ವರ್ಷದಿಂದ ಮೇಸ್ತ್ರಿ ಬಿಗಿ ಮಾಡುವ ಸ್ಕ್ರೂ ಎಲ್ಲ ಅತಿಯಾಗುತ್ತಿದೆ, ಮಷೀನು ಕಿರುಚುತ್ತಿದ್ದರೂ ಅವರಿಗೆ ಅದು ಮೆತ್ತಗೆ ಕೇಳಿಸುತ್ತದೆ, ಇನ್ನೂ ಬಿಗಿ ಮಾಡುತ್ತಾರೆ. ಎರಡು ಸಲ ಹೇಳಿದ್ದಕ್ಕೆ, ನಿನ್ನ ಬಟ್ಟೆ ನೀನು ನೋಡಿಕೋ ಎಂದು ರೇಗಿದ್ದರಂತೆ. ಕಿವಿ ಡಾಕ್ಟರ ಹೆಸರೆತ್ತಿದ ದಿನ ಊಟವನ್ನೇ ಬಿಟ್ಟರಂತೆ.

“ಕಿವಿ ಹೋಗ್ತಿದೆ ಅಂತ ಅವರಿಗೆ ಹೇಳೋ ಧೈರ್ಯ ನನಗಿಲ್ಲ. ಸ್ಕ್ರೂ ತಿರುಗಿಸೋ ಧೈರ್ಯ ಇದೆ” ಎಂದರು.

ನನ್ನ ಗೀರು ಬಿದ್ದ ಪಿಸ್ಟನ್ ಆಗ ನೆನಪಾಯಿತು. ಅಕ್ಕನಿಗೂ ನೆನಪಾಗಿರಬೇಕು, ಮುಖ ಸಣ್ಣದಾಯಿತು. ಆ ದಿನದ ಶಬ್ದ ನನಗೆ ಕೇಳಿಸಿತ್ತು, ಕೈಹಾಕಲು ಹೆದರಿದೆ ಎಂದು ಮೆಲ್ಲಗೆ ಹೇಳಿದರು. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ? ಆದರೆ ಆರು ಮಷೀನುಗಳ ಆ ಸಂಜೆಯೂ ನೆನಪಿತ್ತು. ಟ್ರಿಮ್ಮರು ಹೆಗಲಿಗೇರಿಸಿಕೊಂಡು ಪಾರ್ಕಿಗೆ ಬಂದೆ.

ಹೀಗೆ ಎರಡು ಗಂಟೆಯ ಗಿರಾಕಿಗಳ ಗುಂಪೊಂದು ಹುಟ್ಟಿಕೊಂಡಿತು. ಆಸ್ಪತ್ರೆಯ ಆವರಣ ನೋಡಿಕೊಳ್ಳುವವನು, ಸ್ಮಶಾನದ ಕಾವಲುಗಾರ್ತಿ, ಹಣ್ಣಿನ ತೋಟದ ಯಜಮಾನ, ನಾನು. ಅಕ್ಕ ಒಬ್ಬೊಬ್ಬರಿಗೇ ಗುಟ್ಟು ಹೇಳಿದ್ದರು, ನಾವು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಹಿತ್ತಲಿನ ಬಾಗಿಲಲ್ಲಿ ಎದುರುಬದುರಾದಾಗ ಕಳ್ಳರಂತೆ ನಕ್ಕು ಹೋಗುತ್ತಿದ್ದೆವು. ಪಾಪ, ಮೇಸ್ತ್ರಿಗೆ ಇದೊಂದು ಬಿಡಿಸಲಾಗದ ಒಗಟಾಯಿತು. ಒಂದು ದಿನ ಬೆಳಗ್ಗೆ ನನ್ನ ಹತ್ತಿರವೇ ಕೇಳಿದರು.

“ಕೊಡೋಕೆ ಬೆಳಗ್ಗೆ ಬರ್ತೀರಿ. ತಗೊಳ್ಳೋಕೆ ಮಾತ್ರ ನಾನು ಕಣ್ಣು ಮುಚ್ಚಿದ ಮೇಲೆ ಬರ್ತೀರಿ. ನನ್ನ ಮುಖ ನೋಡಿದ್ರೆ ಮಷೀನ್ ಶುರುವಾಗಲ್ವೇನಪ್ಪಾ?”

ನನಗೆ ನಗುವೂ ಬಂತು, ಸಂಕಟವೂ ಆಯಿತು. ಮಧ್ಯಾಹ್ನವಷ್ಟೇ ಬಿಡುವು ಎಂದು ಏನೋ ಒಂದು ಹೇಳಿ ಜಾರಿಕೊಂಡೆ.

ಒಂದೂವರೆ ವರ್ಷ ನಡೆಯಿತು ಈ ಆಟ. ಆ ಒಂದೂವರೆ ವರ್ಷ ಮೇಸ್ತ್ರಿಯ ಅಂಗಡಿಯಿಂದ ಹೋದ ಒಂದು ಇಂಜಿನ್ನೂ ಕಚ್ಚಿಕೊಳ್ಳಲಿಲ್ಲ.

ಅದು ಮುಗಿದದ್ದು ಒಂದು ಹಲ್ಲಿನಿಂದ. ದವಡೆ ಹಲ್ಲು ನೋಯುತ್ತಿದ್ದುದರಿಂದ ಮೇಸ್ತ್ರಿಗೆ ಆ ಮಧ್ಯಾಹ್ನ ನಿದ್ದೆ ಹತ್ತಿರಲಿಲ್ಲ. ನಾನು ಪಾರ್ಕಿನ ದೊಡ್ಡ ಗರಗಸ ತೆಗೆದುಕೊಂಡು ಹೋಗಲು ಬಂದಿದ್ದೆ. ಹಿತ್ತಲಲ್ಲಿ ಅಕ್ಕ ಮಡಚಿದ ಗೋಣಿಯ ಮೇಲೆ ಮೊಣಕಾಲೂರಿ ಕೂತಿದ್ದರು. ಗರಗಸದ ಸರಪಳಿ ಬಿಚ್ಚಿಟ್ಟು ನಾನು ಪೂರ್ತಿ ರೇಸ್ ಕೊಟ್ಟೆ. ಆ ದಿನ ಅದು ಎಷ್ಟು ಕಿರುಚಿತೆಂದರೆ ಚಾವಣಿಯ ತಗಡಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು. ಪಕ್ಕದ ಲಾಂಡ್ರಿಯಾಕೆ ಒಣಗಲು ಹಾಕುತ್ತಿದ್ದ ಚಾದರ ಬಿಟ್ಟು ಎರಡೂ ಅಂಗೈಗಳನ್ನು ಕಿವಿಗೆ ಒತ್ತಿಕೊಂಡಳು. ಏಕೋ ತಲೆಯೆತ್ತಿದೆ. ಕಿಟಕಿಯಲ್ಲಿ ಮೇಸ್ತ್ರಿಯ ಮುಖ.

ಕೈ ತಾನಾಗಿ ಸಡಿಲಾಗಿ ಗರಗಸ ನಿಂತಿತು. ಕಿಟಕಿಗೆ ಬೆನ್ನು ಮಾಡಿ ಕೂತಿದ್ದ ಅಕ್ಕ ಯಾಕೆ ಬಿಟ್ಟಿರಿ ಎಂದು ಕೇಳಿದರು. ನಾನು ಕಣ್ಣಲ್ಲೇ ತೋರಿಸಿದೆ. ಅವರು ತಿರುಗುವಷ್ಟರಲ್ಲಿ ಕಿಟಕಿ ಖಾಲಿಯಾಗಿತ್ತು. ಅಕ್ಕ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಆ ಕಿಟಕಿಯಲ್ಲಿ ನಿಂತಾಗ ಏನಾಯಿತೆಂದು ಮೇಸ್ತ್ರಿಯೇ ನನಗೆ ಆಮೇಲೆ ಹೇಳಿದ್ದಾರೆ. ಹೆಂಡತಿಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅವರಿಗೆ ಮೊದಲು ಕಾಣಿಸಲಿಲ್ಲವಂತೆ. ಕಾಣಿಸಿದ್ದು ಲಾಂಡ್ರಿಯಾಕೆಯ ಕೈಗಳು. ಈಕೆ ಯಾಕೆ ಕಿವಿ ಮುಚ್ಚಿಕೊಂಡಿದ್ದಾಳೆ ಎಂದು ಅವರಿಗೆ ಅರ್ಥವೇ ಆಗಲಿಲ್ಲ. ಅವರಿಗೆ ಕೇಳಿಸುತ್ತಿದ್ದುದು ಬಾಟಲಿಯೊಳಗೆ ಸಿಕ್ಕಿಕೊಂಡ ಜೇನುನೊಣದಷ್ಟು ಸದ್ದು. ನನ್ನ ತೋಳು ನಡುಗುತ್ತಿದ್ದುದನ್ನು ನೋಡಿದರು, ಹೊಗೆ ನೋಡಿದರು, ಮತ್ತೆ ಆಕೆಯ ಅಂಗೈ ನೋಡಿದರು. ಆಗ ತಿಳಿಯಿತಂತೆ. ಹೆಂಡತಿ ಅಲ್ಲಿ ಯಾಕೆ ಕೂತಿದ್ದಾಳೆ ಎಂಬುದೂ ಅದರ ಹಿಂದೆಯೇ ತಿಳಿಯಿತು.

ಮೂರು ದಿನ ಮನೆಯಲ್ಲಿ ಮಾತಿಲ್ಲ. ಮೇಸ್ತ್ರಿ ಬೆಳಗ್ಗೆ ಶಟರ್ ಎತ್ತುತ್ತಿದ್ದರು, ಕಾರ್ಬೊರೇಟರ್ ಬಿಚ್ಚಿ ತೊಳೆಯುತ್ತಿದ್ದರು, ಜೋಡಿಸಿ ಸಾಲಾಗಿ ಇಡುತ್ತಿದ್ದರು. ಒಂದನ್ನೂ ಹಿತ್ತಲಿಗೆ ಒಯ್ಯಲಿಲ್ಲ. ಮಧ್ಯಾಹ್ನ ಮಲಗಲಿಲ್ಲ. ಮೊದಲ ದಿನವೆಲ್ಲ ಬರೀ ಸಿಟ್ಟಂತೆ, ನನ್ನ ಕಣ್ಣು ತಪ್ಪಿಸಿ ಊರಿಗೆಲ್ಲ ಹೇಳಿದಳಲ್ಲ ಎಂದು. ಎರಡನೇ ದಿನ, ತಾನು ಕಿವುಡನಾಗಿ ಸರಿಮಾಡಿದ ಮಷೀನುಗಳಲ್ಲಿ ಎಷ್ಟು ವಾಪಸ್ ಬಂದವು ಎಂದು ನೆನೆಸಿಕೊಳ್ಳುತ್ತ ಹೋದರು. ಒಂದೇ ಒಂದು ಬಂದಿತ್ತು. ಮೂರನೇ ದಿನವೆಲ್ಲ ಆ ಒಂದರದೇ ಯೋಚನೆ.

ನಾಲ್ಕನೇ ದಿನ ಬೆಳಗ್ಗೆ ನಾನು ಹೂವಿನ ಪಾತಿ ಅಗೆಯುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕರವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು ಮೇಸ್ತ್ರಿ ನಡೆದು ಬಂದರು. ಅವರು ಪಾರ್ಕಿಗೆ ಕಾಲಿಟ್ಟದ್ದು ನಾನು ಕಂಡಂತೆ ಅದೇ ಮೊದಲು. ನಿಮ್ಮ ಮೇಡಂ ಎಲ್ಲಿ ಕೂತಿರುತ್ತಾರೆ, ಕರೆದುಕೊಂಡು ಹೋಗಿ ಎಂದರು. ಮಣ್ಣಿನ ಕೈಯಲ್ಲೇ ಕರೆದುಕೊಂಡು ಹೋದೆ. ಆಫೀಸಿನಲ್ಲಿ ಅವರು ಕೂರಲೂ ಇಲ್ಲ. ಕರವಸ್ತ್ರ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಗೀರು ಬಿದ್ದ ನನ್ನ ಪಿಸ್ಟನ್. ಎಸೆಯದೆ ಇಟ್ಟುಕೊಂಡಿದ್ದರು.

“ಮೇಡಂ, ಇವರು ಎಣ್ಣೆ ಸರಿಯಾಗೇ ಬೆರೆಸಿದ್ರು. ಕೆಡಿಸಿದ್ದು ನಾನು. ನನಗೆ ಕಿವಿ ಕೇಳಿಸ್ತಿರ್ಲಿಲ್ಲ, ತಪ್ಪು ಇವರ ತಲೆಗೆ ಕಟ್ಟಿದೆ.”

ಮೇಡಂ ಮಾತು ಕಡಿಮೆಯವರು. ಪಿಸ್ಟನ್ ಎತ್ತಿ ತಿರುಗಿಸಿ ನೋಡಿದರು. ಎರಡು ವರ್ಷದ ಹಿಂದಿನದನ್ನು ಈಗೇಕೆ ಹೇಳುತ್ತಿದ್ದೀರಿ ಎಂದು ಕೇಳಿದರು. ಈಗ ಗೊತ್ತಾಯಿತು, ಅದಕ್ಕೆ ಎಂದರು ಮೇಸ್ತ್ರಿ. ಮೇಡಂ ಸ್ಟೋರಿನವನನ್ನು ಕರೆಸಿ ಕೀಲಿ ತರಿಸಿ ನನ್ನ ಮುಂದಿಟ್ಟರು. ನಾನು ಹೊರಗೆ ಬಂದು ನಲ್ಲಿಯ ಹತ್ತಿರ ಕೈ ತೊಳೆಯುವ ನೆಪದಲ್ಲಿ ಮುಖವನ್ನೂ ತೊಳೆದುಕೊಂಡೆ. ಮೇಸ್ತ್ರಿ ಹಿಂದೆ ನಿಂತು, ನನ್ನ ಮೇಲೆ ಸಿಟ್ಟಿದ್ದರೆ ಬೈದುಬಿಡಿ ತಮ್ಮಾ, ಒಳಗೆ ಇಟ್ಟುಕೊಳ್ಳಬೇಡಿ ಎಂದರು. ಸಿಟ್ಟಿಲ್ಲ ಎಂದು ಹೇಳಿದೆ. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

ಅದೇ ಮಧ್ಯಾಹ್ನ ಊಟಕ್ಕೆ ಕೂತಾಗ ಮೇಸ್ತ್ರಿ ತಮ್ಮ ಹಳೆಯ ಸ್ಕ್ರೂಡ್ರೈವರನ್ನು ಅಕ್ಕನ ತಟ್ಟೆಯ ಪಕ್ಕದಲ್ಲಿ ಇಟ್ಟರಂತೆ. ಹಿಡಿ ಸವೆದು ಬೆರಳಿನ ಗುರುತು ಬಿದ್ದಿದ್ದ ಸ್ಕ್ರೂಡ್ರೈವರ್ ಅದು. ಈ ಮಾತುಕತೆಯನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ನನಗೇ ಬಾಯಿಪಾಠವಾಗಿದೆ.

“ಬೆನ್ನ ಹಿಂದೆ ಮಾಡಿದ್ದಕ್ಕೆ ಸಿಟ್ಟಿದೆ. ಅದು ಇನ್ನೂ ಸ್ವಲ್ಪ ದಿನ ಇರುತ್ತೆ” ಎಂದರು ಮೇಸ್ತ್ರಿ. “ಆದ್ರೆ ನೀನು ಮಾಡ್ದೇ ಇದ್ದಿದ್ರೆ? ಯಾರೋ ಮರದ ಮೇಲಿದ್ದಾಗ ಗರಗಸ ಕಚ್ಕೊಂಡು ನಿಂತಿದ್ರೆ? ನನ್ನ ಮರ್ಯಾದೆ ಹೋಗ್ಲಿ, ಆ ಜೀವ ಯಾರು ತಂದ್ಕೊಡ್ತಿದ್ರು? ನೀನು ಕಾಪಾಡಿದೆ. ಇನ್ಮೇಲೆ ಇದು ನಿನ್ನ ಹತ್ರನೇ ಇರ್ಲಿ.”

ಅಕ್ಕ ಅದನ್ನು ಮುಟ್ಟಲಿಲ್ಲ.

“ಇದನ್ನ ನಾನು ಎಲ್ಲಿ ಕಲಿತೆ ಅಂದ್ಕೊಂಡ್ರಿ? ಮೂವತ್ತೊಂದು ವರ್ಷ ಗೋಡೆ ಆಚೆ ನೀವು ಓಡಿಸ್ತಿದ್ರಿ, ಈಚೆ ನಾನು ಹೊಲೀತಿದ್ದೆ. ನೀವು ಸ್ಕ್ರೂ ತಿರುಗಿಸುವಾಗ ನನ್ನ ಕಾಲು ಪೆಡಲ್ ಮೇಲೆ ನಿಂತ್ಬಿಡ್ತಿತ್ತು. ಸರಿ ಹೋಯ್ತು ಅಂದ ಕೂಡ್ಲೆ ತಾನಾಗೇ ತುಳೀತಿತ್ತು. ನನ್ನ ಕಿವೀಲಿರೋದು ನಿಮ್ಮ ಕಿವೀನೇ ಕಣ್ರೀ.”

ಮೇಸ್ತ್ರಿ ತಟ್ಟೆಯಲ್ಲಿದ್ದ ಅನ್ನ ಕಲಸಿ ಮುಗಿಸಿದರಂತೆ. ಆಮೇಲೆ, ಅಂಗಡಿಯಲ್ಲಿ ಏಳು ಮಷೀನು ಹಾಗೇ ಇವೆ, ಊಟ ಮಾಡಿ ಬಾ ಎಂದರಂತೆ.

ಅವರ ಮಗಳು ಮಕ್ಕಳ ಆಸ್ಪತ್ರೆಯಲ್ಲಿ ನರ್ಸು, ಎರಡು ಬೀದಿ ಆಚೆ ಇರುವವಳು. ಆ ವಾರವೇ ಅಪ್ಪನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಂದ್ರದ ಸದ್ದು ಚೆನ್ನಾಗಿ ಉಳಿದಿದೆ, ಏರುದನಿ ಮಾತ್ರ ಹೋಗಿಬಿಟ್ಟಿದೆ ಎಂದರು ಡಾಕ್ಟರು. ಬುಳುಬುಳು ಕೇಳಿಸಿ ಕಿರುಚಾಟ ಕೇಳಿಸದಿದ್ದುದು ಅದಕ್ಕೇ. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡ ಮೊದಲ ದಿನ ಮೇಸ್ತ್ರಿಗೆ ಪೇಪರಿನ ಸರಪರ, ಚಮಚದ ಟಣಟಣ, ತಮ್ಮದೇ ಚಪ್ಪಲಿಯ ಸದ್ದು, ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಂತಾಯಿತು. ಸಂಜೆ ಹಲಗೆಯ ಗೋಡೆಯ ಆಚೆಯಿಂದ ಇನ್ನೇನೋ ಕೇಳಿಸಿತು. ಹೋಗಿ ಬಾಗಿಲಲ್ಲಿ ನಿಂತರು. ಅಕ್ಕ ಹೊಲಿಯುತ್ತ ಗುನುಗುತ್ತಿದ್ದರು. ಮೊದಲಿನಿಂದಲೂ ಹಾಡುತ್ತಿದ್ದೆಯಾ ಎಂದು ಮೇಸ್ತ್ರಿ ಕೇಳಿದರು. ಹೌದು, ನಿಮ್ಮ ಇಂಜಿನ್ ನಿಂತಾಗ ಹಾಡುತ್ತಿದ್ದೆ ಎಂದರು ಅಕ್ಕ. ಮೇಸ್ತ್ರಿ ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತರಂತೆ.

ಅಂಗಡಿಯಲ್ಲಿ ಮಾತ್ರ ಅವರು ಆ ಯಂತ್ರ ಹಾಕಿಕೊಳ್ಳುವುದಿಲ್ಲ. ಇಂಜಿನ್ ಸದ್ದಿಗೆ ತಲೆ ಸೀಳಿದಂತಾಗುತ್ತದೆ ಎನ್ನುತ್ತಾರೆ. ಒಂದು ಸಲ ತೆಗೆದಿಟ್ಟದ್ದು ಬಿಡಿಭಾಗಗಳ ನಡುವೆ ಸೇರಿ, ಅವರು ಅದನ್ನೂ ಪೆಟ್ರೋಲಿನಲ್ಲಿ ತೊಳೆಯುವುದರಲ್ಲಿದ್ದರು. ಅಕ್ಕ ಕೈ ಹಿಡಿದು ತಡೆದರು.

ಕೆಲಸ ಈಗ ಇಬ್ಬರದು. ಕಾರ್ಬೊರೇಟರ್ ಬಿಚ್ಚುವುದನ್ನು ಅಕ್ಕನಿಗೆ ಕಲಿಸಿದ್ದಾರೆ. ಒಳಗಿನ ರಬ್ಬರಿನ ತೆಳು ಪರದೆಯನ್ನು ಒಂದು ಸುಕ್ಕೂ ಇಲ್ಲದೆ ಕೂರಿಸುವುದರಲ್ಲಿ ಗುರುವನ್ನೇ ಮೀರಿಸಿದ್ದಾರೆ, ಪರದೆಗೆ ಅಂಚು ಕಟ್ಟಿದ ಕೈಯಲ್ಲವೇ. ಬಂದ ಗಿರಾಕಿಗಳಿಗೆಲ್ಲ ಮೇಸ್ತ್ರಿ ಯಾರೂ ಕೇಳದಿದ್ದರೂ ಹೇಳುತ್ತಾರೆ, ತೊಳೆದದ್ದು ನಾನು, ದನಿ ಕೂಡಿಸಿದ್ದು ಇವಳು ಎಂದು. ಹೇಳುವಾಗ ಅವರ ಮುಖ ನೋಡಬೇಕು. ಅಕ್ಕ ನಾಚಿಕೊಂಡು ಒಳಗೆ ಹೋಗುತ್ತಾರೆ. ನಾವು ಅಭ್ಯಾಸಬಲದಿಂದ ಈಗಲೂ ಎರಡು ಗಂಟೆಗೇ ಹೋಗುತ್ತೇವೆ. ಮೇಸ್ತ್ರಿ ಎದ್ದೇ ಇರುತ್ತಾರೆ. ಮಲಗಿರುವುದು ಅಕ್ಕ.

ಕಳೆದ ವರ್ಷ ದೊಡ್ಡ ಗಾಳಿ ಬೀಸಿ ಅರ್ಧ ಊರಿನ ಮರಗಳು ರಸ್ತೆಗೆ ಉರುಳಿದವು. ಇದ್ದಬದ್ದ ಗರಗಸಗಳೆಲ್ಲ ಹೊರಬಂದವು, ಅರ್ಧಕ್ಕರ್ಧ ಶುರುವಾಗಲಿಲ್ಲ. ಬೆಳಗಾಗುತ್ತಲೇ ಅವರ ಅಂಗಡಿಯ ಮುಂದೆ ಸಾಲು ನಿಂತಿತು. ಆಸ್ಪತ್ರೆಯ ಗೇಟಿಗೆ ಅಡ್ಡ ಬಿದ್ದ ಮರ ತೆಗೆಯಬೇಕಾದವರನ್ನು ಎಲ್ಲರೂ ಮುಂದಕ್ಕೆ ಬಿಟ್ಟರು. ಮೇಸ್ತ್ರಿ ಬಿಚ್ಚಿ ತೊಳೆದು ಜೋಡಿಸಿ ಕೊಡುತ್ತಿದ್ದರು. ನಾನು ಹಿಡಿದುಕೊಂಡು ರೇಸ್ ಕೊಡುತ್ತಿದ್ದೆ. ಅಕ್ಕ ತಲೆ ವಾಲಿಸಿ ಸ್ಕ್ರೂ ತಿರುಗಿಸುತ್ತಿದ್ದರು. ಪ್ರತಿಯೊಂದು ಗರಗಸ ಹೊರಗೆ ಹೋಗುವ ಮೊದಲು ಮೇಸ್ತ್ರಿ ಎದ್ದು ಬಂದು ಅದರ ಮೈಮೇಲೆ ಅಂಗೈ ಇಡುತ್ತಿದ್ದರು. ನಡುಕದಿಂದಲೇ ಈಗ ಒಂದಿಷ್ಟು ತಿಳಿಯುತ್ತದಂತೆ ಅವರಿಗೆ. ಅಕ್ಕ ಅವರ ಮುಖ ನೋಡುವರು, ಅವರು ತಲೆಯಾಡಿಸುವರು, ಗರಗಸ ಕೊಟ್ಟು ಕಳಿಸುವರು. ಒಂದೇ ಒಂದು ಸಲ ಅಂಗೈ ಒಪ್ಪಲಿಲ್ಲ. ಅಕ್ಕ ಮತ್ತೆ ಕೂತು ಕೇಳಿ, ಹೌದು, ಸ್ವಲ್ಪ ಹೆಚ್ಚಾಗಿತ್ತು ಎಂದು ಒಪ್ಪಿಕೊಂಡು ಸರಿ ಮಾಡಿದರು.

ನನ್ನ ಸರದಿ ಕೊನೆಯದು. ನಾನು ಗರಗಸ ಹೆಗಲಿಗೇರಿಸಿಕೊಂಡಾಗ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಇಬ್ಬರ ಕೈಯೂ ಮೊಣಕೈವರೆಗೆ ಕಪ್ಪು. ಹುಷಾರಾಗಿ ಕೊಯ್ಯಿರಿ ತಮ್ಮಾ ಎಂದು ಅಕ್ಕ ಹೇಳಿದರು. ಪಾರ್ಕಿನ ಮುಂದಿನ ರಸ್ತೆಯಲ್ಲಿ ಒಂಬತ್ತು ಮರ ಬಿದ್ದಿದ್ದವು. ಬೆಳಕಿರುವಾಗಲೇ ಒಂಬತ್ತನ್ನೂ ಕೊಯ್ದು ಬದಿಗೆ ಒಟ್ಟಿದೆವು.